ಮನೆವಾರ್ತೆ: ಕಾವಲಿಯ ಕಪ್ಪು

ಕಳೆದ ಸಂಚಿಕೆಯಲ್ಲಿ ಬೇಳೆಕಾಳುಗಳಿಗೆ ಹುಳು ಬೀಳದಂತೆ ಕಾಪಾಡುವ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿದ ಸೋದರಿಯೊಬ್ಬರು ಮೊನ್ನೆ ಸಂಘದ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ಬೇಳೆಯ ಮಾತು ಹಾಗಿರಲಿ, ಸಂಘದ ಕಾವಲಿಯ ಕಥೆ ಯಾವಾಗ ಬರೆಯುತ್ತೀರಿ? ಅದಕ್ಕೆ ತುಕ್ಕು ಹಿಡಿಸಿದವರು ನೀವೇ ಅಲ್ಲವೇ?” ಎಂದು ಕೇಳಿಬಿಟ್ಟರು. ಜೊತೆಯಲ್ಲಿ ನನ್ನ ಮನೆಯಾಕೆಯೂ ಇದ್ದಳು. ಅವಳು ನಕ್ಕಳೇ ಹೊರತು ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆಡುವಂತೆಯೂ ಇರಲಿಲ್ಲ, ಏಕೆಂದರೆ ಆರೋಪ ನಿಜವಾದುದು. ಆದುದರಿಂದ ಈ ಸಲದ ಮನೆವಾರ್ತೆಯನ್ನು ಒಂದು ತಪ್ಪೊಪ್ಪಿಗೆ ಎಂದೇ ತಿಳಿದು ಓದುಗರು ಸಹಿಸಿಕೊಳ್ಳಬೇಕು. ತಪ್ಪಿನ ಜೊತೆಗೆ ಅದನ್ನು ತಿದ್ದಿಕೊಂಡ ಬಗೆಯನ್ನೂ ಬರೆಯುತ್ತೇನೆ. ನಿಮ್ಮ ಮನೆಯ ಕಾವಲಿಗೂ ಅದು ಉಪಯೋಗಕ್ಕೆ ಬಂದೀತು.

ಮೊದಲು ಹೆಸರಿನ ಜಗಳವನ್ನು ಮುಗಿಸಿಬಿಡೋಣ. ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಇದು ಹಂಚು. ಮೈಸೂರು ಸೀಮೆಯವರಿಗೆ ಹೆಂಚು ಅಥವಾ ಕಾವಲಿ. ಉಡುಪಿ ಮಂಗಳೂರಿನ ಕಡೆ ಕಾವಲಿ, ಮಣ್ಣಿನದಾದರೆ ಓಡು. ಚೆನ್ನೈಯಲ್ಲಿರುವ ನಮ್ಮ ಬಂಧುಗಳು ಅಂಗಡಿಗೆ ಹೋಗಿ ದೋಸೆಕ್ಕಲ್ಲು ಎಂದು ಕೇಳಬೇಕು, ಹೈದರಾಬಾದಿನವರು ಪೆನಮು ಎನ್ನಬೇಕು, ಮುಂಬಯಿ ಪುಣೆಗಳಲ್ಲಿ ತವಾ ಎಂದರೆ ಸಾಕು. ಕಬ್ಬಿಣ ಮಾತ್ರ ಎಲ್ಲ ಕಡೆಗೂ ಒಂದೇ, ಅದಕ್ಕೆ ಹಿಡಿಯುವ ತುಕ್ಕೂ ಒಂದೇ. ನಮ್ಮ ಸಂಘದಲ್ಲಿ ಕಾವಲಿ ಎಂಬ ಹೆಸರೇ ನಿಂತಿದೆ, ಏಕೆಂದರೆ ಅದನ್ನು ಮಾಡಿಸಿದವರು ಉಡುಪಿಯ ಕಡೆಯ ಹಿರಿಯರೊಬ್ಬರು.

ಅವರನ್ನು ಸಂಘದಲ್ಲಿ ಚಿಕ್ಕವರೂ ದೊಡ್ಡವರೂ ಅಣ್ಣ ಎಂದೇ ಕರೆಯುವುದು. 1962ರಲ್ಲಿ, 14 ವರ್ಷದ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿ, ಕಡೆಗೆ ಒಂದು ಬ್ಯಾಂಕಿನಲ್ಲಿ ಕೆಲಸ ಹಿಡಿದು ನಿವೃತ್ತರಾದವರು. ಆ ಕಾಲದಲ್ಲಿ ಹೀಗೆ ಮೇಲೆ ಬಂದ ಕನ್ನಡಿಗರು ಈ ಊರಿನಲ್ಲಿ ಅನೇಕರು. ಹೋಟೆಲಿನಲ್ಲಿ ಮೊದಲು ಲೋಟ ತೊಳೆದು, ಆಮೇಲೆ ಮೇಜು ಒರೆಸಿ, ಮೂರನೆಯ ವರ್ಷ ದೋಸೆಯ ಕಾವಲಿಯ ಮುಂದೆ ನಿಂತರಂತೆ. ಬ್ಯಾಂಕಿನ ಕುರ್ಚಿಯಲ್ಲಿ ಕುಳಿತ ಮೇಲೂ ಆ ಕೈ ಮರೆತಿರಲಿಲ್ಲ. 1986ರಲ್ಲಿ ರಾಜ್ಯೋತ್ಸವಕ್ಕೆ ದೋಸೆಯನ್ನು ನಾವೇ ಹೊಯ್ಯೋಣ ಎಂಬ ಮಾತು ಬಂದಾಗ, ಅವರೇ ಒಂದು ಕಾರ್ಖಾನೆಗೆ ಹೋಗಿ ಕಬ್ಬಿಣದ ತಗಡು ಕತ್ತರಿಸಿ, ಕೆಳಗೆ ಕಾಲು ಬೆಸೆಯಿಸಿ, ಸಂಘಕ್ಕೆ ಕಾವಲಿ ಮಾಡಿಸಿಕೊಟ್ಟರು.

ತಗಡು ಎಂದೆನಲ್ಲದೆ ಅದು ತೆಳ್ಳಗಿನದಲ್ಲ. 3 ಅಡಿ ಉದ್ದ, 2 ಅಡಿ ಅಗಲ, 10 ಮಿಲಿಮೀಟರ್ ದಪ್ಪ. ಕಾಲುಗಳನ್ನು ಬಿಟ್ಟು ತಟ್ಟೆಯೊಂದೇ ಸುಮಾರು 44 ಕಿಲೋ ತೂಗುತ್ತದೆ. ಪ್ರತಿ ನವೆಂಬರಿನಲ್ಲಿ ಬಾಡಿಗೆಗೆ ಹಿಡಿದ ಶಾಲೆಯ ಬಯಲಿನಲ್ಲಿ ಅದನ್ನು ನಿಲ್ಲಿಸಿ, ಕೆಳಗೆ ಮೂರು ಒಲೆ ಹಚ್ಚಿ, ಬೆಳಗಿನಿಂದ ಇಳಿಹೊತ್ತಿನವರೆಗೆ ದೋಸೆ ಹೊಯ್ಯುವುದು ನಮ್ಮ ವಾಡಿಕೆ. ಭಾಷಣಕ್ಕೆ ಬಾರದವರೂ ದೋಸೆಗೆ ಬರುತ್ತಾರೆ. ಕನ್ನಡ ಓದಲು ಬಾರದ ನಮ್ಮ ಮಕ್ಕಳು ಕನ್ನಡದಲ್ಲಿ “ಇನ್ನೊಂದು ಹಾಕಿ” ಎನ್ನಲು ಕಲಿತದ್ದು ಆ ಸಾಲಿನಲ್ಲಿ ನಿಂತೇ.

ಉಪಚಾರವೆಲ್ಲ ಮುಗಿದು, ತರುಣರು ಜಮಖಾನೆ ಸುತ್ತಿ ಕುರ್ಚಿ ಎಣಿಸುತ್ತಿರುವಾಗ ಅಣ್ಣ ಮಾತ್ರ ಕಾವಲಿಯ ಬಳಿ ನಿಂತಿರುತ್ತಿದ್ದರು. ಏನೋ ಕೆರೆಯುವರು, ಏನೋ ಒರೆಸುವರು, ಮತ್ತೆ ಉರಿ ಹಚ್ಚುವರು. ಊಟಕ್ಕೆ ಕರೆದರೆ, “ನೀವು ಕೂತುಕೊಳ್ಳಿ, ನನ್ನದು ಹದಿನೈದು ನಿಮಿಷದ ಕೆಲಸ” ಎನ್ನುವರು. ಆ 15 ನಿಮಿಷ ಅವರು ಏನು ಮಾಡುತ್ತಿದ್ದರೆಂದು ನಮ್ಮಲ್ಲಿ ಒಬ್ಬರೂ ನಿಂತು ನೋಡಿದವರಲ್ಲ.

ಕೊರೋನಾದ ದೆಸೆಯಿಂದ 2020, 2021ರಲ್ಲಿ ಉತ್ಸವ ನಡೆಯಲಿಲ್ಲ. ಆಗಲೂ ಅಣ್ಣ ನಡುನಡುವೆ ಸಂಘಕ್ಕೆ ಬಂದು ಕಾವಲಿಗೆ ಎಣ್ಣೆ ಸವರಿ ಹೋಗುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. 2023ರಲ್ಲಿ ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಉತ್ಸವಕ್ಕೆ ಬರಲಾಗಲಿಲ್ಲ. ಸಹಕಾರ್ಯದರ್ಶಿಯೆಂಬ ಬಿರುದು ಹೊತ್ತ ನನ್ನ ಮೇಲೆ ಕಾವಲಿಯ ಭಾರ ಬಂದಿತು.

ನಾನು ಮಾಡಿದುದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಪ್ರತಿಯೊಂದು ಹೆಜ್ಜೆಯೂ ತಪ್ಪು. ದೋಸೆಯ ಕೆಲಸ ಮುಗಿದ ಮೇಲೆ ಕಾವಲಿಯ ಮೇಲಿದ್ದ ಕಪ್ಪನ್ನು ನೋಡಿ, ಇಷ್ಟು ವರ್ಷದ ಕೊಳೆಯನ್ನು ಯಾರೂ ತೆಗೆದಿಲ್ಲವಲ್ಲ ಎಂದು ನೊಂದುಕೊಂಡೆ. ಇಬ್ಬರು ತರುಣರನ್ನು ಕೂಡಿಕೊಂಡು ಸೋಪಿನ ಪುಡಿ ಸುರಿದು ತಂತಿಯ ಜುಂಗಿನಿಂದ ಒಂದು ಗಂಟೆ ಉಜ್ಜಿಸಿದೆ. ಕಪ್ಪು ಹೋಗಿ ಬೂದುಬಣ್ಣದ ಲೋಹ ಹೊಳೆಯಿತು. ಎರಡು ಬಕೆಟ್ ನೀರು ಹೊಯ್ದು, ನೀರು ತಾನೇ ಇಳಿದುಹೋಗಲೆಂದು ಗೋಡೆಗೆ ಆನಿಸಿದೆ. ಮರುದಿನ ಕಚೇರಿಗೆ ಹೋಗುವ ಅವಸರದಲ್ಲಿ ತಾಡಪಾಲು ಸುತ್ತಿ, ಮೆಟ್ಟಿಲ ಕೆಳಗಿನ ಉಗ್ರಾಣದ ಸಿಮೆಂಟ್ ನೆಲದ ಮೇಲಿರಿಸಿ ಬೀಗ ಹಾಕಿದೆ. ಮುಗಿದ ಕಡತವನ್ನು ಕೆಂಪು ದಾರದಿಂದ ಕಟ್ಟಿ ಕಪಾಟಿಗೆ ಸೇರಿಸಿದಾಗ ಆಗುವಷ್ಟೇ ಸಮಾಧಾನ ಆಗಲೂ ಆಯಿತು.

ಮುಂಬಯಿಯ ಮಳೆಗಾಲವೊಂದು ಅದರ ಮೇಲೆ ಹಾದುಹೋಯಿತು. 2024ರ ಸೆಪ್ಟೆಂಬರಿನಲ್ಲಿ ತಾಡಪಾಲು ಬಿಚ್ಚಿದೆವು. ಕಾವಲಿಯೆಲ್ಲ ಇಟ್ಟಿಗೆಯ ಬಣ್ಣ. ಕೈಯಿಟ್ಟರೆ ಹುಡಿ ಉದುರಿತು, ಒಂದು ಮೂಲೆಯಲ್ಲಿ ಹಕ್ಕಳೆಯೇ ಎದ್ದಿತ್ತು.

ವಿಷಯ ಕಾರ್ಯಕಾರಿ ಸಮಿತಿಯ ಮುಂದೆ ಬಂದಿತು. ಗುಜರಿಗೆ ಹಾಕಿ, ದೋಸೆಯನ್ನು ಹೊರಗಿನ ಅಡುಗೆಯವರಿಗೆ ಒಪ್ಪಿಸುವುದೇ ಲೇಸೆಂದು ಕೆಲವರು ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಎಲ್ಲರೂ ದುಡಿಯುವವರು, ಯಾರಿಗೆ ಬಿಡುವಿದೆ? ಠರಾವು ಬರೆಯಲು ನಾನೇ ಲೇಖನಿ ಹಿಡಿದಿದ್ದೆ. ಆಗ ಮಹಿಳಾ ವಿಭಾಗದ ಹಿರಿಯರೊಬ್ಬರು, “ಅಣ್ಣನನ್ನು ಒಂದು ಮಾತು ಕೇಳಿರೋ? ಅವರು ಡಿಸೆಂಬರಿನಲ್ಲಿ ಊರಿಗೆ ಹೋಗುವವರಿದ್ದಾರೆ. ಆಮೇಲೆ ಕೇಳಲು ಜನ ಇರುವುದಿಲ್ಲ” ಎಂದರು. ಅಣ್ಣನೂ ಅತ್ತಿಗೆಯೂ ಮುಂಬಯಿಯ ಮನೆ ಬಿಟ್ಟು ಶಾಶ್ವತವಾಗಿ ಊರಿಗೆ ಹೊರಟಿರುವ ಸಂಗತಿ ನನಗೆ ಅಂದೇ ತಿಳಿದದ್ದು. ಠರಾವನ್ನು ಅರ್ಧಕ್ಕೆ ನಿಲ್ಲಿಸಿದೆ.

ಮರುದಿನ ಸಂಜೆ ಕಚೇರಿಯಿಂದ ನೇರವಾಗಿ ಅವರ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಕಾಫಿ ಮುಗಿಯುವವರೆಗೆ ಬೇರೆ ಮಾತು ಆಡಿ, ಕೊನೆಗೆ ವಿಷಯ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ಒರೆಸಿದಿರಾ?”

“ತೊಳೆದೆವು ಅಣ್ಣ, ಚೆನ್ನಾಗಿಯೇ ತೊಳೆದೆವು.”

“ತೊಳೆದದ್ದು ಗೊತ್ತಾಯಿತು ಮಾರಾಯರೆ. ಒರೆಸಿದಿರಾ ಅಂತ ನಾನು ಕೇಳಿದ್ದು.”

ನಾನು ತಲೆ ತಗ್ಗಿಸಿದೆ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. “ಅದು ಮೂವತ್ತೇಳು ವರ್ಷದ ಕಪ್ಪು. ನೀವು ಕೊಳೆ ಅಂತ ತಿಳಿದಿರಿ” ಎಂದಷ್ಟೇ ಹೇಳಿ ಮತ್ತೆ ಸುಮ್ಮನಾದರು. ಆಮೇಲೆ, “ಎಲ್ಲಿಯಾದರೂ ತೂತು ಬಿದ್ದಿದೆಯೋ? ಬಿರುಕು?” ಎಂದು ವಿಚಾರಿಸಿದರು. ಇಲ್ಲವೆಂದೆ. “ಹಾಗಾದರೆ ಏನೂ ಆಗಲಿಲ್ಲ. ಬರುವ ಆದಿತ್ಯವಾರ ಅಂಗಳದಲ್ಲಿ ಒಂದು ಕುರ್ಚಿ ಹಾಕಿಸಿ. ಕೈ ನಿಮ್ಮದು, ಬಾಯಿ ನನ್ನದು.”

ಆ ಕಪ್ಪು ಎಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಬ್ಬಿಣ, ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ, ಈ ಮೂರೂ ಒಂದೆಡೆ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದಕ್ಕೆ ಇನ್ನೂ ಅವಸರ. ಕಡಲ ಬಳಿಯ ಊರುಗಳಲ್ಲಿ ಕಿಟಕಿಯ ಸರಳು ಬೇಗ ಸವೆಯುವುದು ಇದೇ ಕಾರಣಕ್ಕೆ. ಕಬ್ಬಿಣದ ಮೇಲೆ ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆಯಾಡುವಷ್ಟು ಕಾಯಿಸಿದಾಗ, ಎಣ್ಣೆಯ ಕಣಗಳು ಆಮ್ಲಜನಕದೊಡನೆ ಕೂಡಿ ಒಂದಕ್ಕೊಂದು ಕೈ ಹಿಡಿದುಕೊಂಡು ಗಟ್ಟಿಯಾದ ಪೊರೆಯಾಗುತ್ತವೆ. ಆಗ ಅದು ಎಣ್ಣೆಯಲ್ಲ, ಒರೆಸಿದರೆ ಹೋಗುವುದೂ ಇಲ್ಲ. ಇಂತಹ ಪೊರೆಗಳು ಒಂದರ ಮೇಲೊಂದು ಕುಳಿತು ಕಪ್ಪಾಗುತ್ತವೆ. ನೀರನ್ನು ಲೋಹಕ್ಕೆ ಮುಟ್ಟಗೊಡದೆ ಕಾಯುವುದೂ, ದೋಸೆ ಅಂಟದಂತೆ ಬಿಡಿಸಿಕೊಡುವುದೂ ಆ ಕಪ್ಪೇ. ನಾನು ಒಂದು ಗಂಟೆ ಉಜ್ಜಿ ತೆಗೆದದ್ದು ಅದನ್ನೇ.

ಬಿ.ಎ.ಗೆ ಇತಿಹಾಸ ಓದಿದವನಾದುದರಿಂದ ನನಗೆ ದೆಹಲಿಯ ಕುತುಬ್ ಮಿನಾರಿನ ಬಳಿಯ ಕಬ್ಬಿಣದ ಕಂಬ ನೆನಪಾಯಿತು. ಗುಪ್ತರ ಎರಡನೆಯ ಚಂದ್ರಗುಪ್ತನ ಕಾಲದ್ದೆಂದು ಹೇಳುವ, 7 ಮೀಟರಿಗಿಂತ ತುಸು ಹೆಚ್ಚು ಎತ್ತರದ, 6 ಟನ್ನಿಗೂ ಮೇಲ್ಪಟ್ಟ ತೂಕದ ಆ ಕಂಬ ಸಾವಿರದ ಆರುನೂರು ವರ್ಷ ಬಿಸಿಲು ಮಳೆಯಲ್ಲಿ ನಿಂತೂ ತುಕ್ಕಿಗೆ ಸೋತಿಲ್ಲ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೈಮೇಲೆ ತಾನಾಗಿಯೇ ಒಂದು ಕಾಯುವ ಪೊರೆ ಕಟ್ಟಿಕೊಂಡಿದೆಯೆಂದು ವಿಜ್ಞಾನಿಗಳ ಮತ. ನಮ್ಮ ಕಾವಲಿಗೆ ಆ ಭಾಗ್ಯವಿಲ್ಲ. ಅದರ ಪೊರೆಯನ್ನು ನಾವೇ ಕಟ್ಟಬೇಕು, ನಾವೇ ಕಾಯಬೇಕು.

ಮೊದಲ ಭಾನುವಾರ ತುಕ್ಕು ತೆಗೆಯುವ ಕೆಲಸ. ಎರಡು ತಂತಿ ಬ್ರಷ್, ಒರಟಾದ ಮತ್ತು ನಯವಾದ ಸ್ಯಾಂಡ್ ಪೇಪರ್, ಅರ್ಧ ಕಿಲೋ ಹುಣಸೆಹಣ್ಣು, 1 ಕಿಲೋ ಕಲ್ಲುಪ್ಪು, ತೆಂಗಿನ ನಾರು, ಒಂದು ಹೊರೆ ಹಳೆಯ ಹತ್ತಿ ಬಟ್ಟೆ, ಇಷ್ಟು ಸಾಮಗ್ರಿ. ಮೊದಲು ಒಣಗಿದ್ದಂತೆಯೇ ತಂತಿ ಬ್ರಷ್ಷಿನಿಂದ ಉಜ್ಜಿದೆವು. ಹುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಂಡೆವು. ಅಂಗಳದಲ್ಲಿಯೇ ಮಾಡತಕ್ಕ ಕೆಲಸವಿದು. ಉಳಿದ ಕಲೆಯನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿದೆವು. ಆಮೇಲೆ ನೆನೆಸಿದ ಹುಣಸೆಯ ರಸಕ್ಕೆ ಕಲ್ಲುಪ್ಪು ಬೆರೆಸಿ ಮೇಲೆಲ್ಲ ಬಳಿದು ಅರ್ಧ ಗಂಟೆ ಬಿಟ್ಟು ನಾರಿನಿಂದ ತಿಕ್ಕಿದರೆ, ಹಿತ್ತಾಳೆಯ ಪಾತ್ರೆ ಬೆಳಗಿದಂತೆಯೇ ಹುಳಿಯು ತುಕ್ಕನ್ನು ಕರಗಿಸಿ ತರುತ್ತದೆ. ಇಡೀ ರಾತ್ರಿ ಬಿಡಬಾರದು. ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನತೊಡಗುತ್ತದೆ.

ಸೋಪಿನ ನೀರಿನಲ್ಲಿ ತೊಳೆಯುವುದು ಈ ಹಂತದಲ್ಲಿ ಸರಿಯೇ, ಏಕೆಂದರೆ ಕಾಯಬೇಕಾದ ಕಪ್ಪು ಅಲ್ಲಿ ಉಳಿದೇ ಇಲ್ಲ. ತೊಳೆದ ತಕ್ಷಣ ನಾನು ಬೆವರು ಒರೆಸಿಕೊಳ್ಳುತ್ತ ನಿಂತೆ. “ನಿಮ್ಮ ಮುಖ ಆಮೇಲೆ, ಮೊದಲು ಅದರ ಮುಖ!” ಎಂದು ಅಣ್ಣ ಕೂಗಿದರು. ತಿರುಗಿ ನೋಡುವಷ್ಟರಲ್ಲಿ ಒದ್ದೆಯ ಕಬ್ಬಿಣದ ಮೇಲೆ ಕಿತ್ತಳೆಯ ಛಾಯೆ ಆಗಲೇ ಹಾಯುತ್ತಿತ್ತು. ಬಟ್ಟೆಯಿಂದ ಒರೆಸಿ, ಒಲೆ ಹಚ್ಚಿ, ತೇವ ಪೂರ್ತಿ ಆರುವವರೆಗೆ ಕಾಯಿಸಿ, ಎರಡು ಬದಿಗೂ ಎಣ್ಣೆ ಸವರಿದೆವು. ಕೆಳಬದಿಯನ್ನು ಮರೆಯುವವರೇ ಹೆಚ್ಚು. ತುಕ್ಕಿಗೆ ಮೇಲು ಕೆಳಗೆಂಬ ಭೇದವಿಲ್ಲ.

ಎರಡನೆಯ ಭಾನುವಾರ ಪಳಗಿಸುವ ಕೆಲಸ. ಅಣ್ಣ ಕರಾವಳಿಯವರೆಂದು ಮೆಚ್ಚಿಸಲು ನಾನು ತೆಂಗಿನೆಣ್ಣೆ ಒಯ್ದಿದ್ದೆ. ಅವರು ಸೀಸೆಯನ್ನು ನೋಡಿ, “ದೋಸೆಗಾದರೆ ಇದು ಆದೀತು. ಕಾವಲಿ ಪಳಗಿಸಲಿಕ್ಕೆ ಆಗುವುದಿಲ್ಲ” ಎಂದು ಪಕ್ಕಕ್ಕಿಟ್ಟರು. ಕಾರಣವಿದೆ. ಎಲ್ಲ ಎಣ್ಣೆಯೂ ಒಂದೇ ಬಗೆಯಾಗಿ ಪೊರೆ ಕಟ್ಟುವುದಿಲ್ಲ. ತೆಂಗಿನೆಣ್ಣೆ ಒಣಗದ ಎಣ್ಣೆ. ಅದರ ಕಣಗಳು ಬೇಗನೆ ಕೈ ಹಿಡಿಯುವ ಜಾತಿಯವಲ್ಲ. ಅಗಸೆಯ ಎಣ್ಣೆ ಇದಕ್ಕೆ ತದ್ವಿರುದ್ಧ. ಗಾಳಿಗೇ ಒಣಗಿ ಗಟ್ಟಿಯಾಗುವುದರಿಂದ ಚಿತ್ರಗಾರರ ಬಣ್ಣಕ್ಕೂ ಕ್ರಿಕೆಟ್ ಬ್ಯಾಟಿಗೂ ಅದನ್ನು ಬಳಸುವರು. ಆದರೆ ಕಾವಲಿಯ ಮೇಲೆ ಅದರ ಪೊರೆ ಕೆಲವು ವೇಳೆ ಹಕ್ಕಳೆ ಏಳುವುದುಂಟು. ಕುಸುಬೆ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ನಡುವಣವು, ಕೆಲಸಕ್ಕೆ ಒದಗುವಂಥವು. ಊರಿನಿಂದ ನಮ್ಮವ್ವ ಕಟ್ಟಿಕೊಟ್ಟ ಕುಸುಬೆ ಎಣ್ಣೆ ನಮ್ಮ ಮನೆಯಲ್ಲಿತ್ತು. ಮಗಳನ್ನು ಓಡಿಸಿ ತರಿಸಿದೆ. ಧಾರವಾಡದ ಎಣ್ಣೆಯಿಂದ ಉಡುಪಿಯವರ ಕಾವಲಿ ಪಳಗಿತು!

ಪಳಗಿಸುವ ಗುಟ್ಟೆಲ್ಲ ಎಣ್ಣೆ ಕಡಿಮೆ ಹಾಕುವುದರಲ್ಲಿದೆ. ಬೆಚ್ಚಗಾದ ಕಬ್ಬಿಣಕ್ಕೆ ಕೆಲವೇ ಹನಿ ಹಾಕಿ ಬಟ್ಟೆಯಿಂದ ಎಲ್ಲ ಕಡೆಗೂ ಹರಡಬೇಕು. ಆಮೇಲೆ ಇನ್ನೊಂದು ಒಣಬಟ್ಟೆ ತೆಗೆದುಕೊಂಡು, ಎಣ್ಣೆ ಹಾಕಿದ್ದೇ ತಪ್ಪಾಯಿತೆಂಬಂತೆ ಒರೆಸಿ ತೆಗೆಯಬೇಕು. ಕಣ್ಣಿಗೆ ಕಾಣದಷ್ಟು ಉಳಿದರೆ ಅದೇ ಸಾಕು. ಹೆಚ್ಚಾದರೆ ಜಿಗುಟಾಗಿ ಅಂಟಂಟಾಗುತ್ತದೆ, ಗಟ್ಟಿಯಾಗುವುದಿಲ್ಲ. ಅನಂತರ ಉರಿ ಏರಿಸಿ, ಹೊಗೆ ಎದ್ದು, ಆ ಹೊಗೆ ತಾನಾಗಿ ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಬೇಕು. ಇದು ಒಂದು ಸುತ್ತು. ಮೊದಲ ಸುತ್ತಿಗೆ ಕಂದು, ಮೂರನೆಯದಕ್ಕೆ ಕಾಫಿಯ ಬಣ್ಣ, ಆರನೆಯ ಸುತ್ತಿಗೆ ನಡುಭಾಗವೆಲ್ಲ ಕಪ್ಪಾಯಿತು. ಅಂಚುಗಳಿಗೆ ಉರಿ ತಾಗದೆ ಕಂದಾಗಿಯೇ ಉಳಿದವು. “ಇರಲಿ, ಅಂಚು ದೋಸೆ ಹೊಯ್ದು ಹೊಯ್ದು ಕಪ್ಪಾಗಬೇಕು” ಎಂದರು ಅಣ್ಣ.

ಇಲ್ಲಿ ಎರಡು ಎಚ್ಚರಿಕೆ. ಇಷ್ಟು ಹೊಗೆಯ ಕೆಲಸವನ್ನು ಮುಚ್ಚಿದ ಅಡುಗೆಮನೆಯಲ್ಲಿ ಮಾಡಬೇಡಿ. ಮಾಡಲೇಬೇಕಾದರೆ ಕಿಟಕಿಗಳನ್ನೆಲ್ಲ ತೆರೆಯಿರಿ. ಒಣಗುವ ಜಾತಿಯ ಎಣ್ಣೆ ಹೀರಿದ ಬಟ್ಟೆಯನ್ನು, ಮುಖ್ಯವಾಗಿ ಅಗಸೆಯ ಎಣ್ಣೆಯದನ್ನು, ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಳಗೊಳಗೇ ಬಿಸಿಯಾಗಿ ಕಿಚ್ಚು ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ ಎಸೆಯಿರಿ.

ಮೂರನೆಯ ಪಾಠ ಪ್ರತಿದಿನದ್ದು. ಹೋಟೆಲಿನಲ್ಲಿ ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಣ್ಣನ ಕಡೆ ಆ ತೆಂಗಿನಕಡ್ಡಿಯ ಪೊರಕೆಗೆ ಹಿಡಿಸೂಡಿ ಎನ್ನುವರು. ನೀರು ಚಿಮುಕಿಸಿದಾಗ ಹನಿ ಏನು ಮಾಡುತ್ತದೆಂದು ನೋಡಬೇಕು. ಹನಿ ಕುಳಿತು ಮೆಲ್ಲಗೆ ಗುಳ್ಳೆಯೆದ್ದರೆ ಕಾವು ಸಾಲದು, ದೋಸೆ ಅಂಟುತ್ತದೆ. ಹನಿ ಮುತ್ತಿನಂತೆ ಉಂಡೆಯಾಗಿ ಅತ್ತಿತ್ತ ಓಡಾಡಿದರೆ ಕಾವು ಮೀರಿದೆ. ಕೆಳಗೆ ತನ್ನದೇ ಆವಿಯ ಹಾಸಿಗೆಯ ಮೇಲೆ ಅದು ತೇಲುತ್ತಿರುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಬರೆದನು. ಅಷ್ಟು ಕಾವಿನಲ್ಲಿ ಹಿಟ್ಟು ಸೌಟಿಗೇ ಮೆತ್ತಿಕೊಂಡು ಹರಡುವುದಿಲ್ಲ. ಚುಯ್ಯೆಂದು ಹನಿ ಮಾಯವಾದರೆ ಅದೇ ಹದ. ಆದರೆ ಬೀಡಿನ ಕಾವಲಿ ಕೆಂಡದಂತೆ ಕಾದಿರುವಾಗ ಚೊಂಬುಗಟ್ಟಲೆ ತಣ್ಣೀರು ಸುರಿಯಬಾರದು. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು. ಗಟ್ಟಿಯೆಂದರೆ ಗಟ್ಟಿ, ಆದರೆ ಬಾಗುವುದನ್ನು ಅರಿಯದು, ಬಿರುಕು ಬಿಟ್ಟುಬಿಡುತ್ತದೆ. ತಗಡಿನ ಕಾವಲಿ ಬಿರಿಯುವುದಿಲ್ಲ, ಸೊಟ್ಟಗಾಗುತ್ತದೆ.

ಕೆಲಸ ಮುಗಿದ ಮೇಲೆ ಮಾಡತಕ್ಕದ್ದು ಇದು. ಕಾವಲಿ ಬಿಸಿಯಿರುವಾಗಲೇ ಸಟ್ಟುಗದಿಂದ ಸೀಕಲನ್ನು ಕೆರೆದು, ಬೇಕಾದರೆ ಕಲ್ಲುಪ್ಪು ಉದುರಿಸಿ ಬಟ್ಟೆಯಿಂದ ತಿಕ್ಕಿ, ಸ್ವಲ್ಪ ಬಿಸಿನೀರಿನಿಂದ ಉಪ್ಪೆಲ್ಲ ಹೋಗುವಂತೆ ತೊಳೆಯುವುದು, ಒರೆಸುವುದು, ಉರಿ ಹಚ್ಚಿ ತೇವ ಆರಿಸುವುದು, ನಾಲ್ಕು ಹನಿ ಎಣ್ಣೆ ಹಾಕಿ ಸವರಿ, ಹೆಚ್ಚಿನದನ್ನು ಒರೆಸಿಬಿಡುವುದು. ಇಷ್ಟಕ್ಕೆ 15 ನಿಮಿಷ. ಮನೆಯ ಚಿಕ್ಕ ಕಾವಲಿಗಾದರೆ ಮೂರು ನಿಮಿಷ. ಅಣ್ಣ ಪ್ರತಿ ವರ್ಷ ಊಟ ಬಿಟ್ಟು ಮಾಡುತ್ತಿದ್ದುದು ಇದನ್ನೇ.

ಮನೆಯಲ್ಲಿ ಇನ್ನೂ ಕೆಲವು ಸಂಗತಿ ನೆನಪಿಡಬೇಕು. ನಮ್ಮವ್ವ ರೊಟ್ಟಿಯ ಹಂಚನ್ನು ದೋಸೆಗೆ ಮುಟ್ಟಗೊಡುತ್ತಿರಲಿಲ್ಲ. ಮಡಿಯೆಂದು ನಾನು ತಿಳಿದಿದ್ದೆ. ಅದು ಮಡಿಯಲ್ಲ, ವಿವೇಕ. ರೊಟ್ಟಿ ಚಪಾತಿಗಳಿಗೆ ಎಣ್ಣೆಯಿಲ್ಲದೆ ಒಣಕಾವು ಬೇಕು, ಅದರಲ್ಲಿ ಹಿಟ್ಟು ಕರಿದು ಪೊರೆಯೂ ಸುಡುತ್ತದೆ, ಮರುದಿನ ದೋಸೆ ಏಳುವುದಿಲ್ಲ. ಎರಡು ಕೋಣೆಯ ಮನೆಯಾದರೂ ಹಂಚು ಎರಡಿರಲಿ. ಕಬ್ಬಿಣದ ಪಾತ್ರೆಯಲ್ಲಿ ಹುಣಸೆ, ಟೊಮ್ಯಾಟೊ, ಮೊಸರುಗಳನ್ನು ಬಹಳ ಹೊತ್ತು ಇಡಬಾರದು, ಹುಳಿಗೆ ಕಪ್ಪು ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾವಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ಒಳಗಿನ ತೇವಕ್ಕೆ ಹೊರಗೆ ಹೋಗುವ ದಾರಿ ಇರುವುದಿಲ್ಲ. ಹತ್ತಿ ಬಟ್ಟೆ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟು, ತಿಂಗಳಿಗೊಮ್ಮೆ ಬಿಚ್ಚಿ ನೋಡಿರಿ.

ಇಷ್ಟೆಲ್ಲ ಯಾರು ಮಾಡುತ್ತಾರೆ, ನಾನ್‌ಸ್ಟಿಕ್ ತವಾ ಇಲ್ಲವೇ ಎನ್ನುವ ಸೋದರಿಯರೂ ಇರಬಹುದು. ಬಿಡುವಿಲ್ಲದವರಿಗೆ ಅದೂ ಆದೀತು, ನಾನು ಹಳಿಯುವುದಿಲ್ಲ. ಬರಿದಾಗಿ ಬಹಳ ಕಾಯಿಸಬಾರದು, 260 ಡಿಗ್ರಿ ದಾಟಿದರೆ ಅದರ ಲೇಪ ಕೆಡಲು ತೊಡಗುತ್ತದೆ ಎಂಬುದೊಂದು ನೆನಪಿರಲಿ. ಆದರೆ ಅದರ ಲೇಪ ಹೋದರೆ ಮನೆಯಲ್ಲಿ ಮತ್ತೆ ಕಟ್ಟಲು ಬರುವುದಿಲ್ಲ. ಕಬ್ಬಿಣ ನಮ್ಮ ತಪ್ಪನ್ನು ಕ್ಷಮಿಸುತ್ತದೆ. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

2024ರ ನವೆಂಬರಿನ ಉತ್ಸವಕ್ಕೆ ಕಾವಲಿ ಬಯಲಿಗೆ ಬಂದಿತು. ಗುಜರಿಯ ಪಕ್ಷದವರೂ ಕುತೂಹಲದಿಂದ ಸುತ್ತ ನೆರೆದಿದ್ದರು. ಮೊದಲನೆಯ ದೋಸೆ ಅಂಟಿ ಚಿಂದಿಯಾಯಿತು. ಎರಡನೆಯದೂ ಅರ್ಧ ಹರಿಯಿತು. ನನ್ನ ಎದೆ ಕುಸಿಯಿತು. ಕುರ್ಚಿಯ ಮೇಲಿದ್ದ ಅಣ್ಣ ಕೋಲೂರಿ ಎದ್ದು ಬಂದು, ಉರಿ ತಗ್ಗಿಸಿ, ನೀರು ಚಿಮುಕಿಸಿ ಹಿಡಿಸೂಡಿಯಿಂದ ಒಮ್ಮೆ ಗುಡಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, “ಈಗ ಹೊಯ್ಯಿರಿ” ಎಂದರು. ಮೂರನೆಯದು ಅಂಚಿನಿಂದ ತಾನಾಗಿಯೇ ಎದ್ದು ನಿಂತಿತು. ಆಮೇಲೆ ಸಾಲು ನಿಂತದ್ದು ಮೂರು ಗಂಟೆಗೇ.

ಆ ಸಂಜೆ ಜಮಖಾನೆ ಸುತ್ತುವವರು ಸುತ್ತಿದರು, ಕುರ್ಚಿ ಎಣಿಸುವವರು ಎಣಿಸಿದರು. ನಾನು, ನನ್ನ ಮಗಳು, ಮತ್ತಿಬ್ಬರು ತರುಣರು ಕಾವಲಿಯ ಬಳಿ ಉಳಿದೆವು. ಒಲೆಯ ಬೆಳಕಿನಲ್ಲಿ ತೇವ ಆರುವುದನ್ನು ನೋಡುತ್ತ ನಿಂತಾಗ ನನಗೆ ನಾಚಿಕೆಯಾದದ್ದು ತುಕ್ಕಿಗಾಗಿ ಅಲ್ಲ. ಇಷ್ಟು ವರ್ಷ ಈ ಹೊತ್ತಿನಲ್ಲಿ ಒಬ್ಬರನ್ನೇ ಬಿಟ್ಟು ನಾವೆಲ್ಲ ಎಲೆಯ ಮುಂದೆ ಕುಳಿತಿರುತ್ತಿದ್ದೆವಲ್ಲ ಎಂದು. ಈಗ ಸಂಘದ ಕೆಲಸದ ಪಟ್ಟಿಯಲ್ಲಿ ಸ್ವಾಗತ, ಧ್ವನಿವರ್ಧಕ, ಪಾನಕ ಮುಂತಾದವುಗಳ ಕೆಳಗೆ “ಕಾವಲಿ ಒರೆಸುವುದು” ಎಂಬ ಹೊಸದೊಂದು ಸೇರಿದೆ. ಅದರ ಮುಂದೆ ಇಬ್ಬರ ಹೆಸರಿದೆ. ಅವರಿಗೆ ಎಲೆ ಹಾಕಿ ಕಾಯುವುದೆಂದೂ ಠರಾವಾಗಿದೆ.

ಅಣ್ಣನೂ ಅತ್ತಿಗೆಯೂ ಡಿಸೆಂಬರಿನಲ್ಲಿ ಊರಿಗೆ ಹೋದರು. ಹೊರಡುವ ಮುನ್ನ ಹಿಡಿಸೂಡಿಯನ್ನು ನನ್ನ ಮಗಳ ಕೈಗೆ ಕೊಟ್ಟರು. ಇಂಗ್ಲಿಷ್ ಶಾಲೆಯ ಆ ಹುಡುಗಿಗೆ ಈಗ ಬರುವ ಕನ್ನಡ ಪದಗಳಲ್ಲಿ ಅದೂ ಒಂದು. ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಮಾತಿಗೆಂದು ಅವರಿಗೆ ದೂರವಾಣಿ ಮಾಡಿದೆ. ಕುಶಲಪ್ರಶ್ನೆ ಇನ್ನೂ ಮುಗಿದಿರಲಿಲ್ಲ. “ಈ ತಿಂಗಳು ಬಿಚ್ಚಿ ನೋಡಿದಿರಾ?” ಎಂದು ಕೇಳಿದರು.

ನೋಡಿರಲಿಲ್ಲ. ನೋಡುತ್ತೇನೆಂದು ಹೇಳಿ ಫೋನಿಟ್ಟು, ಉಗ್ರಾಣದ ಬೀಗದ ಕೈ ತೆಗೆದುಕೊಂಡು ಹೊರಟೆ. ಮಗಳೂ ಹಿಂದೆ ಬಂದಳು. ಕಾವಲಿ ಕಪ್ಪಾಗಿಯೇ ಇತ್ತು.